ಶ್ರೀರಂಗಪಟ್ಟಣ ಪದಕ

ಶ್ರೀರಂಗಪಟ್ಟಣ ಪದಕ: 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಮಡಿದ ಯುದ್ಧಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ಹೊರತಂದ ಪದಕ. ಕಣ್ಣಾನೂರಿನಿಂದ ಕೊಡಗಿನ ಮೇಲೆ ಹಾದುಬಂದ ಬೊಂಬಾಯಿ ಸೇನೆಯೂ ಆ ಯುದ್ಧದಲ್ಲಿತ್ತು. ಮುಂಬಯಿಗೂ ಈ ಪದಕಕ್ಕೂ ನಂಟು ಅಲ್ಲಿಂದಲೇ.

ಒಂದು ಬದಿಯಲ್ಲಿ ಹುಲಿಯನ್ನು ಕೆಡವಿದ ಸಿಂಹ, ಕೆಳಗೆ ರೋಮನ್ ಅಂಕಿಗಳಲ್ಲಿ ದಿನಾಂಕ. ಇನ್ನೊಂದರಲ್ಲಿ ಕೋಟೆಗೆ ಲಗ್ಗೆ, ಅದರಡಿ ಪಾರ್ಸಿ ಬರಹ. ಗೆದ್ದವರ ಸೊಕ್ಕು ಚಿತ್ರದಲ್ಲೇ ಎದ್ದು ಕಾಣುತ್ತದೆ. ಅಚ್ಚು ಕೊರೆದವನು ಕಾನ್ರಾಡ್ ಹೈನ್ರಿಖ್ ಕ್ಯುಖ್ಲರ್.

ಎಲ್ಲಿ ತಯಾರಾದದ್ದು ಎಂದು ತಿಳಿಯಲು ಮೊದಲು ಅಳತೆ ನೋಡಬೇಕು. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯದು ಸುಮಾರು 48 ಮಿ.ಮೀ. ವ್ಯಾಸ, ಚಿನ್ನ, ಚಿನ್ನದ ಲೇಪದ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ದರ್ಜೆಗೆ ತಕ್ಕ ಲೋಹ. ಕಲ್ಕತ್ತೆಯದು ಸುಮಾರು 45 ಮಿ.ಮೀ.; ಚಿನ್ನ, ಬೆಳ್ಳಿಗಳಲ್ಲಿ ಮಾತ್ರ. ಹಾಗಾಗಿ 45 ಮಿ.ಮೀ. ತವರದ ಪದಕ ಕಂಡರೆ ಅನುಮಾನಿಸಬೇಕು. ಎರಕದ ನಕಲು ಕುಗ್ಗುತ್ತದೆ, ಮೈಮೇಲೆ ಸಣ್ಣ ಗುಳಿಗಳೂ ಉಳಿಯುತ್ತವೆ. ತೂಗುಹಾಕುವ ಕೊಂಡಿಯನ್ನು ಪಡೆದವರೇ ಮಾಡಿಸಿಕೊಳ್ಳುತ್ತಿದ್ದರು, ಅದರಿಂದ ಮೂಲ ತಿಳಿಯದು.

ಮುಂಬಯಿ ಕೋಟೆ ಪ್ರದೇಶದ ಈಗಿನ ಟಂಕಸಾಲೆಯ ಕಟ್ಟಡ ಪೂರ್ಣವಾದದ್ದು 1829ರಲ್ಲಿ. ಈ ಪದಕವನ್ನು ಅಲ್ಲಿಯದೆಂದು ಹೇಳಿ ಮಾರಿದರೆ ನಂಬಬಾರದು.