ಆಲಿಕಲ್ಲಿಂದ ಐಸ್ ಮೇಕರ್‌ವರೆಗೆ: ನಮ್ಮ ನಾಲ್ಕು ತಾಲ್ಲೂಕಿನವರು ಓದಬೇಕಾದ ತಂಪಿನ ಇತಿಹಾಸ

🧊 ಭಾಗ 1/7: ಆಕಾಶದಿಂದ ಬಿದ್ದ ಐಸ್

ಬೇಸಿಗೆ ಬಂತು ಅಂದ್ರೆ ಸಾಕು, ಎಲ್ಲರ ಫೀಡಲ್ಲೂ ಅದೇ ರೀಲ್. ಅಡುಗೆಮನೆ ಕಟ್ಟೆ ಮೇಲೆ ಕೂರೋ ಪುಟ್ಟ ಐಸ್ ಮೇಕರ್, ಬಟನ್ ಒತ್ತಿ ಏಳೆಂಟು ನಿಮಿಷಕ್ಕೆ ಟಣಟಣ ಅಂತ ಬೀಳೋ ಐಸ್. "ಮನೆಗೆ ತಗೋಬಹುದಾ? ಯಾವುದು ಒಳ್ಳೇದು?" ಅಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ದೋಸ್ತರು ಕೇಳ್ತಾನೇ ಇದ್ದೀರಿ. ಉತ್ತರ ಕೊನೇ ಭಾಗದಲ್ಲಿ ಐತಿ. ಆದ್ರೆ ಮೊದಲು ಇತಿಹಾಸ ಓದ್ರಿ, ಯಾಕಂದ್ರೆ ಉತ್ತರ ಹುಟ್ಟೋದೇ ಅಲ್ಲಿಂದ.

ನಮ್ಮ ಭಾಗದ ಜನ ತಲೆತಲಾಂತರದಿಂದ ಕಣ್ಣಾರೆ ಕಂಡ ಐಸ್ ಒಂದೇ, ಆಲಿಕಲ್ಲು. ಅಶ್ವಿನಿ, ಭರಣಿ ಮಳೆ ಹೊತ್ತಿಗೆ, ಅಂದ್ರೆ ಏಪ್ರಿಲ್–ಮೇನಲ್ಲಿ, ಗುಡುಗಿನ ಜೊತೆ ಬೀಳ್ತಿತ್ತು. ಮಕ್ಕಳು ಆರಿಸಿ ಬಾಯಿಗೆ ಹಾಕ್ಕೊಳ್ತಿದ್ರು. ದೊಡ್ಡವರು ಮಾವು, ಬಾಳೆ ಹಾಳಾಯ್ತಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರ್ತಿದ್ರು. ಬೇಕಂದಾಗ ಸಿಗದ, ಸಿಕ್ಕಿದ್ರೂ ಹಿಡಿದಿಡೋಕೆ ಆಗದ ತಂಪು ಅದು.

ದಿನಾ ಬೇಕಾದ ತಂಪಿಗೆ ಇದ್ದದ್ದು ಮಣ್ಣಿನ ಹೂಜಿ. ಅದರ ಸಣ್ಣ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗತ್ತೆ, ಆವಿಯಾಗೋವಾಗ ಒಳಗಿನ ನೀರಿನ ಶಾಖ ಎತ್ಕೊಂಡು ಹೋಗತ್ತೆ. ಗಾಳಿ ಒಣಗಿದ್ದಷ್ಟೂ ಹೂಜಿ ಚುರುಕು, ಮಳೆಗಾಲದಲ್ಲಿ ಮಾತ್ರ ಸೋಮಾರಿ. ಈ ವಿಷಯ ನೆನಪಿಟ್ಕೊಳ್ಳಿ, ಭಾಗ 4ರಲ್ಲಿ ಬೇಕು.

ಇನ್ನೊಂದು ಪದ ಕಲಿತುಬಿಡಿ: ಅರವಟ್ಟಿಗೆ. ದಾರಿಹೋಕರಿಗೆ ಪುಕ್ಕಟೆ ನೀರು ಕೊಡೋ ಚಪ್ಪರ. ಕನ್ನಡ ಶಾಸನಗಳಲ್ಲಿ ಅರವಟ್ಟಿಗೆ ನಡೆಸೋಕೆ ದತ್ತಿ ಬಿಟ್ಟ ವಿವರ ಸಿಗತ್ತೆ. ಈಗಲೂ ಬೇಸಿಗೇಲಿ ಬಸ್ ಸ್ಟ್ಯಾಂಡ್ ಹತ್ರ ಹರವಿ, ಲೋಟ ಇಟ್ಟಿರ್ತಾರಲ್ಲ, ಅದರ ಹಿರಿಯಜ್ಜ ಇದು. ತಂಪು ನೀರು ಆಗ ಮಾರೋ ಸಾಮಾನಾಗಿರಲಿಲ್ಲ, ಪುಣ್ಯದ ಕೆಲಸ.

👉 ಮುಂದಕ್ಕೆ ಸ್ವೈಪ್ ಮಾಡಿ.

🧊 ಭಾಗ 2/7: ಬಾದಶಾಹನ ಐಸ್, ಬಯಲಿನ ಐಸ್

ಅಕ್ಬರನ ಆಸ್ಥಾನದ ವಿವರ ಇರೋ 'ಐನ್-ಎ-ಅಕ್ಬರಿ'ಯಲ್ಲಿ ಅಬುಲ್ ಫಜಲ್ ನೀರು ತಂಪು ಮಾಡೋ ವಿಧಾನ ಬರೆದಿದ್ದಾನೆ. ಪೆಟ್ಲುಪ್ಪು ಕರಗಿಸಿದ ನೀರಲ್ಲಿ ಕುಡಿಯೋ ನೀರಿನ ಪಾತ್ರೆ ಇಟ್ಟು ತಿರುಗಿಸ್ತಿದ್ರು. ಪೆಟ್ಲುಪ್ಪು ನೀರಲ್ಲಿ ಕರಗೋವಾಗ ಶಾಖ ಎಳ್ಕೊಳ್ಳತ್ತೆ, ಪಾತ್ರೆ ತಣ್ಣಗಾಗತ್ತೆ. ತೋಪಿನ ಮದ್ದಿಗೆ ಹಾಕೋ ಅದೇ ಉಪ್ಪು! ಆಸ್ಥಾನ ಲಾಹೋರಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮಾನೇ ಹೊತ್ತು ತರಿಸೋಕೆ ಶುರುಮಾಡಿದ್ರು. ದೋಣಿ, ಗಾಡಿ, ಹೊರೆಯಾಳು, ಎಲ್ಲಾ ಇದ್ರೇನೇ ಒಂದು ಲೋಟ ತಂಪು ಶರಬತ್ತು.

ಅಲಹಾಬಾದ್ ಕಡೆ ಬಡವರ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. ರಾಬರ್ಟ್ ಬಾರ್ಕರ್ ಅನ್ನೋ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ವರದಿ ಕೊಟ್ಟ. ಬಯಲಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣಗಿದ ದಂಟು ಹಾಸಿ, ಅದರ ಮೇಲೆ ಸಾಲಾಗಿ ಮಣ್ಣಿನ ತಟ್ಟೆ ಇಟ್ಟು ನೀರು ಹಾಕ್ತಿದ್ರು. ಚಳಿಗಾಲದ ನಿಚ್ಚಳ ರಾತ್ರಿಯಲ್ಲಿ ನೀರಿನ ಶಾಖ ಆಕಾಶದ ಕಡೆ ಹೋಗ್ತಿತ್ತು, ಕೆಳಗಿನ ದಂಟು ನೆಲದ ಬಿಸಿ ತಡೀತಿತ್ತು, ಬೆಳಗಿನ ಜಾವಕ್ಕೆ ತಟ್ಟೇಲಿ ತೆಳ್ಳಗೆ ಐಸ್. ಸೂರ್ಯ ಹುಟ್ಟೋಕೆ ಮುಂಚೆ ಕೆರೆದು ತೆಗೆದು ಕೂಡಿಡ್ತಿದ್ರು.

ನಮ್ಮ ಕಡೆ ಅಷ್ಟು ಚಳಿ ಎಲ್ಲಿದೆ? ಹಾಗಾಗಿ ಆ ವಿದ್ಯೆ ನಮಗೆ ದಕ್ಕಲಿಲ್ಲ. ನಮ್ಮೂರಿಗೆ ಐಸ್ ಹೊರಗಿಂದಾನೇ ಬರಬೇಕಿತ್ತು.

🧊 ಭಾಗ 3/7: ನಾಲ್ಕು ತಿಂಗಳು ಹಡಗಲ್ಲಿ ಬಂದ ಐಸ್

ಇದು ಕೇಳಿದ್ರೆ ಸುಳ್ಳು ಅನ್ಸತ್ತೆ, ಆದ್ರೆ ನಿಜ. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಬಂದರಿಂದ 'ಟಸ್ಕನಿ' ಅನ್ನೋ ಹಡಗು ಹೊರಟಿತು. ಒಳಗೆ ಇದ್ದದ್ದು ಕೆರೆಗಳಿಂದ ಕೊಯ್ದ 180 ಟನ್ ಐಸ್. ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿಯ ಸಾಹಸ. ಭೂಮಧ್ಯರೇಖೆಯನ್ನ ಎರಡು ಸಲ ದಾಟಿ ಸೆಪ್ಟೆಂಬರಲ್ಲಿ ಕಲ್ಕತ್ತಾ ಮುಟ್ಟಿದಾಗ ಇನ್ನೂ ಸುಮಾರು 100 ಟನ್ ಉಳಿದಿತ್ತು.

ಗುಟ್ಟು ಏನು ಗೊತ್ತಾ? ಮರದ ಹೊಟ್ಟು. ಗರಗಸದ ಕೆಳಗೆ ಬೀಳೋ ಅದೇ ಪುಡಿ. ಅದರ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನ ಒಳಗೆ ಬಿಡಲ್ಲ. ಐಸ್ ಗಡ್ಡೆ ಮಾರೋರು ಹೊಟ್ಟು ಉದುರಿಸಿ ಗೋಣಿಚೀಲ ಸುತ್ತೋದು ನೋಡಿದ್ದೀರಲ್ಲ, ಟ್ಯೂಡರ್ ಮಾಡಿದ್ದೂ ಅದನ್ನೇ.

ಕಲ್ಕತ್ತಾ, ಬೊಂಬಾಯಿ, ಮದ್ರಾಸಲ್ಲಿ ಐಸ್ ಇಡೋಕಂತಲೇ ಕಟ್ಟಡ ಎದ್ದವು. ಮದ್ರಾಸಿನದು 1842ರದ್ದು, ಮರೀನಾ ಕಡಲತೀರದ ಎದುರಿಗೇ ಇದೆ. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಉಳಿದುಕೊಂಡದ್ದು ಅದೇ ಮನೇಲಿ. ಈಗ ಅದು ವಿವೇಕಾನಂದರ್ ಇಲ್ಲಂ. ಚೆನ್ನೈ ಟ್ರಿಪ್ ಹೋದ್ರೆ ನೋಡ್ಕೊಂಡು ಬನ್ನಿ.

ಒಂದು ವಿಷಯ ಗಮನಿಸಿ. ಐಸ್ ಮನೆಗಳು ಎದ್ದದ್ದು ಮೂರೂ ಬಂದರು ಪಟ್ಟಣಗಳಲ್ಲಿ. ಐಸ್ ಸಿಕ್ಕಿದ್ದು ಯಾರಿಗೆ? ಸಾಹೇಬರಿಗೆ, ಸಿರಿವಂತರಿಗೆ, ಸ್ವಲ್ಪ ಆಸ್ಪತ್ರೆಗೆ. ಸಮುದ್ರದಿಂದ ದೂರ, ಇವತ್ತಿಗೂ ರೈಲು ನಿಲ್ದಾಣ ಇಲ್ಲದ ನಮ್ಮ ನಾಲ್ಕು ಪಟ್ಟಣಗಳಿಗೆ ಆ ಐಸ್ ಬರೀ ಕಥೆ.

🧊 ಭಾಗ 4/7: ಹೂಜಿಯ ತಲೆ, ಯಂತ್ರದ ಮೈ

ಟ್ಯೂಡರ್ ವ್ಯಾಪಾರ ಮುಗಿಸಿದ್ದು ಯಂತ್ರ. 1834ರಲ್ಲಿ ಜೇಕಬ್ ಪರ್ಕಿನ್ಸ್ ಪೇಟೆಂಟ್ ತಗೊಂಡ. ಫ್ಲಾರಿಡಾದ ಜಾನ್ ಗೋರಿ ಅನ್ನೋ ಡಾಕ್ಟ್ರು ಜ್ವರದ ರೋಗಿಗಳ ಕೋಣೆ ತಂಪು ಮಾಡ್ಬೇಕು ಅಂತ ಒದ್ದಾಡಿ 1851ರಲ್ಲಿ ಐಸ್ ಯಂತ್ರಕ್ಕೆ ಪೇಟೆಂಟ್ ಪಡೆದ. ದುಡ್ಡು ಹಾಕೋರು ಸಿಗದೆ 1855ರಲ್ಲಿ ತೀರಿಕೊಂಡ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಬಳಸೋ ಗಟ್ಟಿ ಯಂತ್ರ ಮಾಡಿದ ಮೇಲೆ ಐಸ್ ಫ್ಯಾಕ್ಟರಿಗಳು ಊರೂರಲ್ಲಿ ಎದ್ದವು.

ತತ್ತ್ವ ಹೂಜೀದೇ. ದ್ರವ ಆವಿಯಾದ್ರೆ ಸುತ್ತಲಿನ ಶಾಖ ಎಳ್ಕೊಳ್ಳತ್ತೆ. ಹೂಜೀಲಿ ಆವಿ ಗಾಳಿಗೆ ಹೋಗಿಬಿಡತ್ತೆ. ಯಂತ್ರದಲ್ಲಿ ಆ ಆವಿಯನ್ನ ಕಂಪ್ರೆಸರ್ ಒತ್ತಿ ಮತ್ತೆ ದ್ರವ ಮಾಡತ್ತೆ, ಶಾಖ ಹಿಂದಿನ ಜಾಲರಿಯಿಂದ ಹೊರಗೆ. ಅದಕ್ಕೇ ಫ್ರಿಜ್ ಬೆನ್ನು ಬಿಸಿ.

ಫ್ಯಾಕ್ಟರೀಲಿ ಉಪ್ಪುನೀರಿನ ದೊಡ್ಡ ತೊಟ್ಟಿಯನ್ನ ಸೊನ್ನೆಗಿಂತ ಕೆಳಗೆ ತಂಪು ಮಾಡಿ, ಅದರಲ್ಲಿ ಸಿಹಿನೀರು ತುಂಬಿದ ತಗಡಿನ ಡಬ್ಬ ಇಳಿಸ್ತಾರೆ. ದೊಡ್ಡ ಗಡ್ಡೆ ಕಟ್ಟೋಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಯಾಕಷ್ಟು ಹೊತ್ತು? 1 ಕೆಜಿ ನೀರನ್ನ 30 ಡಿಗ್ರಿಯಿಂದ ಸೊನ್ನೆಗೆ ಇಳಿಸೋಕೆ 30 ಕಿಲೋಕ್ಯಾಲರಿ ಶಾಖ ತೆಗೆದ್ರೆ ಸಾಕು. ಸೊನ್ನೆ ಡಿಗ್ರಿಯ ನೀರನ್ನ ಸೊನ್ನೆ ಡಿಗ್ರಿಯ ಐಸ್ ಮಾಡೋಕೆ ಇನ್ನೂ 80 ತೆಗೀಬೇಕು. ಅದೇ 80 ಐಸ್ ಕರಗೋವಾಗ ನಿಮ್ಮ ಪಾನಕದಿಂದ ವಾಪಸ್ ಹೋಗತ್ತೆ, ಪಾನಕ ತಣ್ಣಗಾಗತ್ತೆ.

ಇದಕ್ಕೆಲ್ಲ ಕರೆಂಟು ಬೇಕು. 1948ರಲ್ಲಿ ಜೋಗದ ವಿದ್ಯುದಾಗಾರ, 1960ರ ದಶಕದಲ್ಲಿ ಶರಾವತಿ ಯೋಜನೆ ಬಂದ ಮೇಲೆ ನಮ್ಮ ಭಾಗದ ಊರುಗಳಿಗೆ ಒಂದೊಂದಾಗಿ ತಂತಿ ಹರಡಿತು. ಆಮೇಲೇನೇ ಸೈಕಲ್ ಹಿಂದೆ ಡಬ್ಬಿ ಕಟ್ಟಿ ಗಂಟೆ ಬಾರಿಸ್ಕೊಂಡು ಬರೋ ಐಸ್ ಕ್ಯಾಂಡಿ ಅಣ್ಣ ಹಳ್ಳಿಹಳ್ಳಿಗೂ ಬರೋ ಹಾಗಾಗಿದ್ದು.

🧊 ಭಾಗ 5/7: ನೀಲಿ ಐಸ್, ಲಸಿಕೆ ಡಬ್ಬಿ

ಇಲ್ಲಿ ಸ್ವಲ್ಪ ಸೀರಿಯಸ್ ಆಗಿ ಓದಿ.

ಐಸ್ ಮಾಡಿದ ತಕ್ಷಣ ನೀರು ಶುದ್ಧ ಆಗಲ್ಲ. ಬಹಳಷ್ಟು ರೋಗಾಣುಗಳು ಐಸಲ್ಲಿ ಸಾಯಲ್ಲ, ನಿದ್ದೆ ಮಾಡ್ತಾ ಇರ್ತವೆ; ಕರಗಿದ ಮೇಲೆ ಏಳ್ತವೆ. ಮೀನು, ಹಣ್ಣು ತಂಪಾಗಿಡೋಕೆ ಮಾಡಿದ ಐಸ್ ಜ್ಯೂಸ್ ಲೋಟಕ್ಕೆ ಬೀಳ್ತಿದೆ ಅಂತ ಗೊತ್ತಾಗಿ, 2018ರಲ್ಲಿ ಮಹಾರಾಷ್ಟ್ರದಲ್ಲಿ ತಿನ್ನೋಕಲ್ಲದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ನಿಯಮ ತಂದ್ರು. ಕಣ್ಣಲ್ಲಿ ನೋಡಿದ್ರೇನೇ ಗೊತ್ತಾಗ್ಲಿ ಅಂತ. ಜಾತ್ರೇಲಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿಯೋಕೆ ಮುಂಚೆ "ಅಣ್ಣಾ, ಈ ಐಸ್ ಯಾವ ನೀರಿಂದು?" ಅಂತ ಒಂದು ಮಾತು ಕೇಳಿದ್ರೆ ತಪ್ಪಿಲ್ಲ.

ಈಗ ಇನ್ನೊಂದು ಐಸ್. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾಯ್ತು. ಲಸಿಕೆ 2ರಿಂದ 8 ಡಿಗ್ರಿ ನಡುವೆ ಇರಬೇಕು. ಪಿಎಚ್‌ಸಿಯಿಂದ ಹಳ್ಳಿಗೆ ಸಿಸ್ಟರ್ ಒಯ್ಯೋ ನೀಲಿ ಡಬ್ಬಿಯೊಳಗೆ ನಾಲ್ಕೂ ಬದಿಗೆ ನಾಲ್ಕು ಐಸ್ ಪ್ಯಾಕ್. ಫ್ರೀಜರಿಂದ ತೆಗೆದ ಕೂಡ್ಲೇ ಇಡಂಗಿಲ್ಲ. ಕೆಲವು ಲಸಿಕೆ ಹೆಪ್ಪುಗಟ್ಟಿದ್ರೆ ಕೆಡ್ತವೆ. ಹಾಗಾಗಿ ಪ್ಯಾಕನ್ನ ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿ ಹತ್ರ ಅಲ್ಲಾಡಿಸಿ, ಒಳಗೆ ನೀರಿನ ಸದ್ದು ಕೇಳಿಸಿದ ಮೇಲೇ ಡಬ್ಬಿಗೆ ಇಡೋದು. ಪೋಲಿಯೋ ಹನಿಗೆ ಬಿಸಿ ಆಗಿಬರಲ್ಲ. 2014ರ ಮಾರ್ಚಲ್ಲಿ ಭಾರತ ಪೋಲಿಯೋ ಮುಕ್ತ ಅನಿಸಿಕೊಂಡಿದ್ದರ ಹಿಂದೆ ಹೀಗೆ ಐಸ್ ಅಲ್ಲಾಡಿಸಿ ನೋಡಿದ ಸಾವಿರಾರು ಕೈಗಳಿವೆ.

ಒಂದು ಕಾಲಕ್ಕೆ ಬಾದಶಾಹನಿಗೆ ಮಾತ್ರ ಸಿಗ್ತಿದ್ದ ಐಸ್ ಜಗಳೂರಿನ ಮೂಲೆ ಹಳ್ಳಿಯ ಕೂಸಿಗೂ ಮುಟ್ಟಿದ್ದು ಈ ಡಬ್ಬೀಲಿ. ನನ್ನ ಕೇಳಿದ್ರೆ ಐಸ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದಿನ ಇಲ್ಲ.

🧊 ಭಾಗ 6/7: ನಾಲ್ಕು ತಾಲ್ಲೂಕು, ನಾಲ್ಕು ನೀರು

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯ್ತು. ಜಿಲ್ಲೆ ಒಂದಾದ್ರೂ ನೀರು ಒಂದಲ್ಲ.

📍 ಚನ್ನಗಿರಿ: ಸುಮಾರು 6,500 ಎಕರೆಯ ಸೂಳೆಕೆರೆ, ಅಂದ್ರೆ ಶಾಂತಿಸಾಗರ, ಜೊತೆಗೆ ಭದ್ರಾ ಕಾಲುವೆ, ಅಡಿಕೆ ತೋಟ. ನೀರಿಗೆ ಅಷ್ಟು ಬರ ಇಲ್ಲ.

📍 ಹೊನ್ನಾಳಿ: ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಹರಿದು ಬರೋ ಹೊಳೆ ಊರ ಪಕ್ಕದಲ್ಲೇ. ಮಳೆಗಾಲದಲ್ಲಿ ನೀರು ಕೆಂಪು, ಮಣ್ಣು ಜಾಸ್ತಿ. ಸೋಸದೆ ಯಂತ್ರಕ್ಕೆ ಹಾಕಂಗಿಲ್ಲ.

📍 ನ್ಯಾಮತಿ: ಒಂದು ಕಡೆ ತೀರ್ಥರಾಮೇಶ್ವರದ ಬೆಟ್ಟದ ಚಿಲುಮೆ, ಇನ್ನೊಂದು ಕಡೆ ಬೋರ್ ನಂಬಿದ ಹಳ್ಳಿಗಳು. ನಿಮ್ಮ ಮನೆ ನಲ್ಲೀಲಿ ಯಾವ ನೀರು ಬರತ್ತೆ ಅಂತ ನೀವೇ ನೋಡ್ಕೋಬೇಕು.

📍 ಜಗಳೂರು: ಮಳೆ ಕಡಿಮೆ, ಬೋರ್ ಆಳ, ಎಷ್ಟೋ ಕಡೆ ನೀರಲ್ಲಿ ಫ್ಲೋರೈಡ್. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ್ರೆ ಹಲ್ಲು, ಮೂಳೆಗೆ ತೊಂದರೆ. ಕುದಿಸಿದ್ರೆ ಅದು ಹೋಗಲ್ಲ, ಐಸ್ ಮೇಕರ್ ಅದನ್ನ ತೆಗೆಯೋ ಯಂತ್ರನೂ ಅಲ್ಲ. ತುಂಗಭದ್ರೆಯ ನೀರು ಎತ್ತಿ 57 ಕೆರೆ ತುಂಬಿಸೋ ಯೋಜನೆಗೆ ಜಗಳೂರಿನವರು ಅಷ್ಟು ವರ್ಷ ಕಾದದ್ದು ಯಾಕೆ ಅಂತ ಇದರಿಂದಾನೇ ಅರ್ಥ ಆಗತ್ತೆ.

🧊 ಭಾಗ 7/7: ಹಾಗಾದ್ರೆ ತಗೋಬೇಕಾ?

ಇತಿಹಾಸ ಮೂರು ಪ್ರಶ್ನೆ ಕಲಿಸಿದೆ. ನೀರು ಯಾವುದು? ಶಾಖ ಹೊರಗೆ ಹಾಕೋ ಶಕ್ತಿ ಎಲ್ಲಿಂದ? ಐಸ್ ಯಾರಿಗೆ ಬೇಕು? ಅದೇ ಕ್ರಮದಲ್ಲಿ ನೋಡೋಣ.

1️⃣ ನೀರು. ಈ ಯಂತ್ರಕ್ಕೆ ಪೈಪ್ ಬೇಡ, ತೊಟ್ಟಿಗೆ ನಾವೇ ನೀರು ಸುರೀಬೇಕು. ಕುಡಿಯೋ ನೀರನ್ನೇ ಹಾಕಿ. ಗಡಸು ನೀರು ಹಾಕಿದ್ರೆ ಪಾತ್ರೆ ತಳಕ್ಕೆ ಕಟ್ಟೋ ಬಿಳಿ ಪದರ ಇದರೊಳಗೂ ಕಟ್ಟತ್ತೆ. ಬೋರ್ ನೀರಿನವರು ಶುದ್ಧೀಕರಿಸಿದ ನೀರೇ ಹಾಕಿ, ಆಗಾಗ ಸಿಟ್ರಿಕ್ ಆಸಿಡ್ ಬೆರೆಸಿದ ನೀರಲ್ಲಿ ತೊಳೀರಿ. ಬಿಚ್ಚಿ ತೊಳೆಯೋಕೆ ಸುಲಭ ಇದೆಯಾ, ಕೆಳಗೆ ನೀರು ಖಾಲಿ ಮಾಡೋ ಬಿರಡೆ ಇದೆಯಾ ಅಂತ ಅಂಗಡೀಲೇ ನೋಡಿ.

2️⃣ ಕರೆಂಟು. ಡಬ್ಬದ ಮೇಲೆ "24 ಗಂಟೆಗೆ 12 ಕೆಜಿ" ಅಂತ ಇರತ್ತೆ. ಅಂದ್ರೆ ಗಂಟೆಗೆ ಅರ್ಧ ಕೆಜಿ. ಸುಮಾರು 120 ವ್ಯಾಟ್ ಅಂದ್ಕೊಂಡ್ರೆ 1 ಕೆಜಿ ಐಸಿಗೆ ಕಾಲು ಯೂನಿಟ್. ದಿನಕ್ಕೆ 2 ಕೆಜಿ ಮಾಡಿದ್ರೆ ತಿಂಗಳಿಗೆ 15 ಯೂನಿಟ್. ಅಡುಗೆಮನೆ ಬಿಸಿ ಇದ್ರೆ ಇನ್ನೂ ಜಾಸ್ತಿ. ಗೃಹಜ್ಯೋತಿಯ ಮಿತಿ ಅಂಚಲ್ಲಿರೋ ಮನೆಯವರು ಬಿಲ್ ತೆಗೆದು ಲೆಕ್ಕ ಹಾಕಿ. ಗೋಡೆಗೆ ಒತ್ತಿ ಇಡಬೇಡಿ, ಬಿಸಿ ಹೊರಗೆ ಹೋಗೋಕೆ ಜಾಗ ಬೇಕು. ಕರೆಂಟ್ ಹೋಗಿ ಬಂದ್ರೆ ಐದು ನಿಮಿಷ ಬಿಟ್ಟು ಆನ್ ಮಾಡಿ.

3️⃣ ಯಾರಿಗೆ. ಐಸ್ ಬೀಳೋ ಬುಟ್ಟಿ ಫ್ರೀಜರ್ ಅಲ್ಲ. ತುಂಬಿದ್ರೆ ಅರ್ಧ ಕೆಜಿ ಮೇಲೆ ಸ್ವಲ್ಪ, ಇಟ್ಟಲ್ಲೇ ಕರಗಿ ತೊಟ್ಟಿಗೆ ವಾಪಸ್. ನಾಲ್ಕು ಜನರ ಮನೇಲಿ ಫ್ರಿಜ್ ಇದ್ರೆ ಎರಡು ಟ್ರೇ ಸಾಕ್ರಪ್ಪಾ, ದುಡ್ಡು ಉಳಿಸ್ರಿ. ಮದುವೆ, ನಾಮಕರಣಕ್ಕೆ ಈ ಯಂತ್ರ ಸಾಲಲ್ಲ. ಕುಡಿಯೋ ನೀರಲ್ಲಿ ಮಾಡಿದ ಐಸ್ ಗಡ್ಡೆ ಕೇಳಿ ತರಿಸಿ. ಮನೆ ಮುಂದೆ ಸಣ್ಣದಾಗಿ ಶರಬತ್ತು, ಜ್ಯೂಸ್ ಮಾರೋ ಅಕ್ಕ, ಅಣ್ಣಂದಿರು ಇದ್ದಾರಲ್ಲ, ಅವರಿಗೆ ಇದು ನಿಜವಾಗ್ಲೂ ಕೆಲಸಕ್ಕೆ ಬರತ್ತೆ. ಯಾವ ನೀರಿನ ಐಸ್ ಅಂತ ಕೇಳಿದವರಿಗೆ ಧೈರ್ಯವಾಗಿ ಹೇಳಬಹುದು.

ಕಂಪನಿ, ಬಣ್ಣ, ಆಫರ್, ಎಲ್ಲಾ ಇದಾದ ಮೇಲೆ. ತಗೊಂಡವರು ಬೇಸಿಗೇಲಿ ಗೇಟಿನ ಹತ್ರ ಒಂದು ಹರವಿ ನೀರೂ ಇಡಿ. ಅರವಟ್ಟಿಗೆ ನಡೆಸಿದ ಊರಿನವರು ನಾವು.

💬 ನಿಮ್ಮೂರಿಗೆ ಮೊದಲ ಸಲ ಐಸ್ ಯಾವಾಗ ಬಂತು, ಯಾರು ತಂದ್ರು? ಮನೇಲಿ ಅಜ್ಜ, ಅಜ್ಜಿ ಹತ್ರ ಕೇಳಿ ಕಾಮೆಂಟಲ್ಲಿ ಬರೀರಿ. ಸೇವ್ ಮಾಡ್ಕೊಳ್ಳಿ, ಐಸ್ ಮೇಕರ್ ಕಾರ್ಟಿಗೆ ಹಾಕಿರೋ ದೋಸ್ತನಿಗೆ ಕಳಿಸಿ.

#ನಮ್ಮೂರಇತಿಹಾಸ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಐಸ್‌ಕಥೆ