ಚಕ್ರ ಕೊಟ್ಟವನು

1934ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ. ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಫ್ರೆಂಚ್ ತಂಡದ ನಾಯಕ ಆಂತೊನಿನ್ ಮ್ಯಾಗ್ನೆ ಬಿದ್ದು ಸೈಕಲ್ಲಿನ ಚಕ್ರ ಹಾಳಾಯಿತು. ಇಪ್ಪತ್ತರ ಹರೆಯದ ರೆನೆ ವಿಯೆಟ್ಟೊ ತನ್ನ ಮುಂದಿನ ಚಕ್ರವನ್ನೇ ಬಿಚ್ಚಿಕೊಟ್ಟ. ಬದಲಿ ಚಕ್ರಕ್ಕಾಗಿ ಕಾಯುತ್ತ ರಸ್ತೆಬದಿಯ ಗೋಡೆಯ ಮೇಲೆ ಕುಳಿತ ಆತನ ಚಿತ್ರ ಇಂದಿಗೂ ಪ್ರಸಿದ್ಧ. ಮರುದಿನ ಮ್ಯಾಗ್ನೆಯ ಸೈಕಲ್ ಮತ್ತೆ ಕೆಟ್ಟಿತು. ವಿಯೆಟ್ಟೊ ಬಂದ ದಾರಿಯಲ್ಲೇ ಹಿಂದಿರುಗಿ ತನ್ನ ಸೈಕಲ್ಲನ್ನೇ ಒಪ್ಪಿಸಿದ.

ಇಂಥ ಸಹಾಯಕ ಸವಾರರನ್ನು ಫ್ರೆಂಚರು 'ಡೊಮೆಸ್ಟಿಕ್', ಅಂದರೆ ಮನೆಯಾಳು ಎನ್ನುತ್ತಾರೆ. 1911ರಲ್ಲಿ ಸ್ಪರ್ಧೆಯ ಸಂಘಟಕ ಆನ್ರಿ ದೆಗ್ರಾಂಜ್ ಸವಾರನೊಬ್ಬನನ್ನು ಹೀಗಳೆಯಲು ಬಳಸಿದ ಮಾತಿದು. ಎದುರುಗಾಳಿಗೆ ತಾವು ಮುಂದಾಗಿ ನಾಯಕನ ಶಕ್ತಿ ಉಳಿಸುವುದು, ನೀರಿನ ಬಾಟಲಿ ಹೊತ್ತು ತರುವುದು ಇವರ ಕೆಲಸ. ವಿಜೇತನ ಬಹುಮಾನದ ಹಣದಲ್ಲಿ ಪಾಲು ಕೊಡುವ ರೂಢಿಯುಂಟು. ಹಳದಿ ಅಂಗಿ ಮಾತ್ರ ಒಬ್ಬನದೇ.

ಆ ವರ್ಷ ಮ್ಯಾಗ್ನೆ ಗೆದ್ದ. ಐದನೆಯವನಾದ ವಿಯೆಟ್ಟೊಗೆ ಟೂರ್ ಎಂದೂ ಒಲಿಯಲಿಲ್ಲ.