ಶನಿವಾರದ ಗಾಣ

ಕೊಂಕಣದ ಹಳ್ಳಿಗಳಲ್ಲಿ ಹಿಂದೆ ‘ಸೋಮವಾರ ತೇಲಿ’, ‘ಶನಿವಾರ ತೇಲಿ’ ಅಂತ ಎರಡು ಬಗೆಯ ಗಾಣಿಗರಿದ್ದರು. ತೇಲಿ ಅಂದರೆ ಮರಾಠಿಯಲ್ಲಿ ಎಣ್ಣೆ ತೆಗೆಯುವವ, ನಮ್ಮ ಗಾಣಿಗ. ಸೋಮವಾರ ತೇಲಿಗಳು ಶಿವನ ವಾರವೆಂದು ಸೋಮವಾರ ಗಾಣ ಕಟ್ಟುತ್ತಿರಲಿಲ್ಲ. ಇದರಲ್ಲಿ ನಮಗೆ ಆಶ್ಚರ್ಯವೇನಿಲ್ಲ. ನಮ್ಮ ಗದಗ, ಧಾರವಾಡದ ಕಡೆ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹೊಲಕ್ಕೆ ಎಂಥ ಹದ ಬಂದಿದ್ದರೂ ನನ್ನ ಅಜ್ಜ ಸೋಮವಾರ ಕೂರಿಗೆ ಹೂಡಿದ್ದನ್ನು ನಾನು ಕಂಡಿಲ್ಲ. ಆಶ್ಚರ್ಯ ಇರುವುದು ಶನಿವಾರ ತೇಲಿಗಳದು.

ಶನಿವಾರ ತೇಲಿಗಳು ಯಹೂದಿಗಳು. ತಮ್ಮನ್ನು ‘ಬೆನೆ ಇಸ್ರಾಯೇಲ್’, ಅಂದರೆ ಇಸ್ರಾಯೇಲನ ಮಕ್ಕಳು, ಎಂದು ಕರೆದುಕೊಳ್ಳುತ್ತಿದ್ದರು. ಮನೆಮಾತು ಮರಾಠಿ. ಹೆಂಗಸರು ಸೀರೆ ಉಟ್ಟು ಮಂಗಳಸೂತ್ರ ಕಟ್ಟಿಕೊಂಡವರು. ಅಡ್ಡಹೆಸರು ಊರಿನದು: ಪೆಣ್ ಊರಿನವರು ಪೆಣಕರ್, ದಿವೆಯವರು ದಿವೇಕರ್, ನವಗಾಂವದವರು ನವಗಾಂವಕರ್. ನೋಡಿದರೆ, ಮಾತಾಡಿಸಿದರೆ, ಪಕ್ಕದ ಮನೆಯ ಮರಾಠಿಗನಿಗೂ ಇವರಿಗೂ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಶುಕ್ರವಾರ ಹೊತ್ತು ಮುಳುಗಿತೋ, ಗಾಣ ನಿಂತಿತು. ಮರುದಿನ ಹೊತ್ತು ಮುಳುಗುವ ತನಕ ಎತ್ತು ಕಟ್ಟುತ್ತಿರಲಿಲ್ಲ, ಒಲೆ ಹೊತ್ತಿಸುತ್ತಿರಲಿಲ್ಲ. ಇದೇ ಯಹೂದಿಗಳ ಸಬ್ಬತ್ತು, ವಾರದ ವಿಶ್ರಾಂತಿಯ ದಿನ.

ಸಾಧಾರಣವಾಗಿ ಯಹೂದಿಗೆ ಸಬ್ಬತ್ತೆಂದರೆ ಸಿನಗಾಗ್ ಎಂಬ ಪ್ರಾರ್ಥನಾಮಂದಿರ ಬೇಕು, ತೋರಾ ಗ್ರಂಥದ ಸುರುಳಿ ಬೇಕು, ಅದನ್ನು ಓದಬಲ್ಲವರು ಬೇಕು, ಸಾಮೂಹಿಕ ಪ್ರಾರ್ಥನೆಗೆ ಕಡಿಮೆಯೆಂದರೂ ಹತ್ತು ಮಂದಿ ಗಂಡಸರು ಸೇರಬೇಕು. ಈ ಗಾಣಿಗರ ಹತ್ತಿರ ಇವು ಯಾವುವೂ ಇರಲಿಲ್ಲ. ಗ್ರಂಥ ಇಲ್ಲ, ಹೀಬ್ರೂ ಬರುವವರಿಲ್ಲ, ಹತ್ತು ಜನ ಕೂಡೋಣವೆಂದರೆ ಹಳ್ಳಿಗೆ ಒಂದೆರಡೇ ಮನೆ. 1796ರವರೆಗೆ ಕೊಂಕಣದಲ್ಲಾಗಲಿ ಮುಂಬಯಿಯಲ್ಲಾಗಲಿ ಅವರದೊಂದು ಸಿನಗಾಗ್ ಇರಲಿಲ್ಲ. ಆ ಮೊದಲ ಸಿನಗಾಗ್ ಹುಟ್ಟಿದ ಕಥೆಯಲ್ಲಿ ನಮ್ಮ ಮೈಸೂರು ರಾಜ್ಯವೂ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಇವರು ಬಂದದ್ದು ಯಾವಾಗ, ಎಲ್ಲಿಂದ? ಅವರ ಹಿರಿಯರು ಹೇಳುವುದು ಹೀಗೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಂದು ಹಡಗು ಅಲಿಬಾಗದ ಹತ್ತಿರ ನವಗಾಂವದ ಕಡಲಿನಲ್ಲಿ ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಬದುಕಿ ದಡ ಸೇರಿದರು. ಸತ್ತವರನ್ನು ಅಲ್ಲೇ ಹೂತರು, ಪುಸ್ತಕಗಳೆಲ್ಲ ನೀರುಪಾಲಾದವು. ನವಗಾಂವದಲ್ಲಿ ಈಗ ಒಂದು ಸ್ಮಾರಕಸ್ತಂಭ ಇದೆ. ಏಳು ಗಂಡಸರು, ಏಳು ಹೆಂಗಸರು ಅನ್ನುವ ಲೆಕ್ಕ ಬ್ಯಾಂಕಿನ ಬ್ಯಾಲೆನ್ಸ್ ಶೀಟಿನ ಹಾಗೆ ಎರಡೂ ಬದಿ ಸರಿಹೊಂದುತ್ತದೆ. ಅದಕ್ಕೇ ನನಗೆ ಸ್ವಲ್ಪ ಅನುಮಾನ! 2016ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಇವರ ರಕ್ತದಲ್ಲಿ ಮಧ್ಯಪ್ರಾಚ್ಯದ ಯಹೂದಿ ಮೂಲ, ಭಾರತೀಯ ಮೂಲ ಎರಡೂ ಗಣನೀಯವಾಗಿ ಬೆರೆತಿವೆ ಎಂದು ತೋರಿಸಿತು. ಹಡಗಿನ ಕಥೆ ಎಷ್ಟು ನಿಜವೋ, ದೂರದಿಂದ ಬಂದರು ಅನ್ನುವುದಂತೂ ಬರಿ ಕಥೆಯಲ್ಲ ಎಂದಾಯಿತು.

ಇನ್ನೊಂದು ಹಳೆಯ ಸಾಕ್ಷಿ ಉಂಟು. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ತಿನಲ್ಲಿದ್ದ ಮೈಮೊನಿಡೀಸ್ ಎಂಬ ಮಹಾ ಯಹೂದಿ ಪಂಡಿತ ಫ್ರಾನ್ಸಿನ ಲ್ಯುನೆಲ್ ಊರಿನ ವಿದ್ವಾಂಸರಿಗೆ ಬರೆದ ಪತ್ರದಲ್ಲಿ ಹಿಂದೂಸ್ಥಾನದ ಯಹೂದಿಗಳ ಮಾತು ತೆಗೆಯುತ್ತಾನೆ. ಅವರಿಗೆ ಧರ್ಮಶಾಸ್ತ್ರ ಏನೇನೂ ತಿಳಿಯದು, ಸಬ್ಬತ್ತು ಪಾಲಿಸುವುದು ಮತ್ತು ಎಂಟನೆಯ ದಿನ ಮಗುವಿಗೆ ಸುನ್ನತಿ ಮಾಡುವುದು ಇಷ್ಟೇ ಗೊತ್ತು ಎಂಬುದು ಅವನ ಮಾತಿನ ತಾತ್ಪರ್ಯ. ಅವನು ಹೇಳಿದ್ದು ಕೊಂಕಣದ ಇವರನ್ನೇ ಅನ್ನುವ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ವರ್ಣನೆ ಮಾತ್ರ ಇವರಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಪಂಡಿತ ಅದನ್ನು ಕೊರತೆಯೆಂದು ಬರೆದ. ನನಗೆ ಹಾಗನ್ನಿಸುವುದಿಲ್ಲ. ಓದಿಸುವವರಿಲ್ಲದೆ ಎರಡು ಉಳಿದವಲ್ಲ, ಅದು ದೊಡ್ಡದು.

ಉಳಿದದ್ದು ಎರಡೇ ಅಲ್ಲ ಅನ್ನಿ. ಶೆಮಾ ಎಂಬ ಒಂದು ಪ್ರಾರ್ಥನೆ ಉಳಿದಿತ್ತು, ದೇವರು ಒಬ್ಬನೇ ಎಂದು ಸಾರುವಂಥದು. ಅರ್ಥ ಗೊತ್ತಿತ್ತೋ ಇಲ್ಲವೋ, ಹುಟ್ಟಿಗೂ ಮದುವೆಗೂ ಸಾವಿಗೂ ಅದನ್ನೇ ಹೇಳುತ್ತಿದ್ದರು. ಹಬ್ಬಗಳು ಉಳಿದವು, ಆದರೆ ಹೆಸರು ಮರಾಠಿಯಾಗಿ. ಹೊಸ ವರ್ಷ ‘ನವ್ಯಾಚಾ ಸಣ್’. ಯಹೂದಿಗಳು ಯೋಮ್ ಕಿಪ್ಪೂರ್ ಅನ್ನುವ ಮಹಾ ಉಪವಾಸದ ದಿನ ಇವರ ಬಾಯಲ್ಲಿ ‘ದಾರಫಳ್ನಿಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಆ ದಿನ ಬಿಳಿ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರನ್ನು ಮುಟ್ಟದೆ ಮನೆಯೊಳಗೇ ಇರುತ್ತಿದ್ದರು. ಮಂದಿರ ಇಲ್ಲದವನಿಗೆ ಮನೆಯ ಬಾಗಿಲು ಹಾಕಿಕೊಂಡರೆ ಅದೇ ಮಂದಿರ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ‘ಮಲೀದಾ’ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ: ಅವಲಕ್ಕಿ, ಕಾಯಿತುರಿ, ಸಕ್ಕರೆ ಕಲಸಿ ಹಣ್ಣುಗಳ ಜೊತೆ ತಟ್ಟೆಯಲ್ಲಿಟ್ಟು ಪ್ರಾರ್ಥಿಸಿ ಹಂಚುವುದು. ಲೋಕದ ಬೇರೆ ಯಹೂದಿಗಳಲ್ಲಿ ಇದು ಇಲ್ಲ, ಅವಲಕ್ಕಿ ಪ್ರಸಾದ ನೋಡಿದರೆ ನಮ್ಮ ಯಾವ ಅಜ್ಜಿಗೂ ಹೊಸದೆನಿಸಲಿಕ್ಕಿಲ್ಲ. ದ್ರಾಕ್ಷಾರಸ ಎಲ್ಲಿ ಸಿಗಬೇಕು ಕೊಂಕಣದಲ್ಲಿ, ಒಣದ್ರಾಕ್ಷಿ ನೆನೆಹಾಕಿ ಶರಬತ್ತು ಮಾಡಿಕೊಂಡರು.

ಮೀನಿನ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಡೇವಿಡ್ ರಹಾಬಿ ಎಂಬ ಯಹೂದಿ ಇವರನ್ನು ಕಂಡು, ಇವರು ನಮ್ಮವರೇ ಏನು ಅಂತ ಪರೀಕ್ಷಿಸಲು ಹೆಂಗಸರ ಕೈಗೆ ಬೆರಕೆ ಮೀನು ಕೊಟ್ಟು ಅಡುಗೆ ಮಾಡಿರೆಂದನಂತೆ. ಅವರು ರೆಕ್ಕೆ ಮತ್ತು ಹುರುಪೆ ಎರಡೂ ಇದ್ದ ಮೀನು ಮಾತ್ರ ಆರಿಸಿಕೊಂಡು ಉಳಿದದ್ದು ಬದಿಗಿಟ್ಟರು. ಯಹೂದಿ ಶಾಸ್ತ್ರವೂ ಅದನ್ನೇ ಹೇಳುತ್ತದೆ. ಅವನು ಮೂರು ಮನೆತನದವರಿಗೆ ಹೀಬ್ರೂ ಕಲಿಸಿದ, ಅವರು ‘ಕಾಜಿ’ಗಳಾದರು. ಈ ರಹಾಬಿ ಸಾವಿರ ವರ್ಷದ ಹಿಂದಿನವನು ಎಂದು ಸಮುದಾಯದ ನೆನಪು. ಹದಿನೆಂಟನೆಯ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ರಹಾಬಿ ಮನೆತನದ ವರ್ತಕನೇ ಅವನು ಎಂದು ಕೆಲವು ಚರಿತ್ರಕಾರರು. ಅದೇನಿದ್ದರೂ ಪರೀಕ್ಷೆ ಪಾಸಾದದ್ದು ಅಡುಗೆಮನೆಯಲ್ಲಿ. ಗಂಡಸರನ್ನು ಕೇಳಿದ್ದರೆ ಏನು ಹೇಳುತ್ತಿದ್ದರೋ!

ಲೆಕ್ಕದ ಮನುಷ್ಯನಾದ ನನಗೆ ಒಂದು ಪ್ರಶ್ನೆ ಬಿಡಲೇ ಇಲ್ಲ. ವಾರಕ್ಕೆ ಒಂದು ದಿನ ಗಾಣ ನಿಂತರೆ ವರ್ಷಕ್ಕೆ 52 ದಿನ. ಏಳನೇ ಒಂದು ಪಾಲು ದುಡಿಮೆ ಹೋಯಿತು. ಶನಿವಾರದ ಸಂತೆಯಿದ್ದ ಊರಲ್ಲಿ ವ್ಯಾಪಾರವೂ ಹೋಯಿತು. ನೋಡಿಕೊಳ್ಳಲು ಗುರು ಇಲ್ಲ, ದಂಡ ಹಾಕಲು ಪಂಚರಿಲ್ಲ. ಪಕ್ಕದ ಗಾಣ ನಡೆಯುತ್ತಿರುವಾಗ ತನ್ನ ಗಾಣ ಯಾಕೆ ನಿಲ್ಲಿಸಬೇಕು ಅಂತ ಯಾವುದಾದರೂ ಒಂದು ತಲೆಮಾರಿಗೆ ಅನ್ನಿಸಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ ಮುಗಿಯಲಿಲ್ಲ?

ಅಲಿಬಾಗದ ಶಾಖೆಗೆ ನನಗೆ ವರ್ಗವಾದದ್ದು 1992ರಲ್ಲಿ. ಮುಂಬಯಿಯ ಗೇಟ್‌ವೇಯಿಂದ ಲಾಂಚು ಹತ್ತಿ ಮಾಂಡವಾದಲ್ಲಿ ಇಳಿದು ಹೋಗುವ ಊರು. ಅಲ್ಲಿ ‘ಇಸ್ರಾಯೇಲ್ ಆಳಿ’ ಅಂತಲೇ ಒಂದು ಓಣಿ ಇದೆ, ಅದರಲ್ಲಿ 1848ರಲ್ಲಿ ಕಟ್ಟಿ 1910ರಲ್ಲಿ ಮತ್ತೆ ಕಟ್ಟಿದ ಮಾಗೇನ್ ಆಬೋತ್ ಸಿನಗಾಗ್ ಇದೆ. ಓಣಿಯ ಒಬ್ಬ ನಿವೃತ್ತ ಮಾಸ್ತರರ ಪಿಂಚಣಿ ಖಾತೆ ನಮ್ಮಲ್ಲಿತ್ತು. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ ಕೆಲಸ. ಅವರ ಠೇವಣಿಯ ಅವಧಿ ಒಮ್ಮೆ ಶನಿವಾರಕ್ಕೆ ಮುಗಿದಿತ್ತು. ನಮ್ಮ ಜವಾನ ಅಲ್ಲಿನವನೇ, ನಾನು ರಸೀತಿ ಹುಡುಕುವ ಮೊದಲೇ ಹೇಳಿದ: “ಸಾಹೇಬ್, ಇವತ್ತು ಶನಿವಾರ. ಮಾಸ್ತರು ಬರೋದಿಲ್ಲ, ಬಂದರೂ ಸಹಿ ಹಾಕೋದಿಲ್ಲ. ಸೋಮವಾರಕ್ಕೆ ತೆಗೆದಿಡಿ.”

ಸೋಮವಾರ ಮಾಸ್ತರು ಬಂದರು. ನಾನು ವಿಷಯ ತೆಗೆದೆ. “ಕಾಕಾ, ಹಿಂದಿನವರು ಗುಡಿ ಇಲ್ಲದೆ ಪುಸ್ತಕ ಇಲ್ಲದೆ ಇದನ್ನು ಹೇಗೆ ನಡೆಸಿದರು?” ಅಂತ ಕೇಳಿದೆ. ಅವರು ನಕ್ಕು, “ನಾವೇನು ನಡೆಸಿದೆವು ಸಾಹೇಬ್, ಊರು ನಡೆಸಿತು. ನಮ್ಮಜ್ಜ ಹೇಳ್ತಿದ್ರು, ಶನಿವಾರ ನಮ್ಮ ಮನೆಗೆ ಎಣ್ಣೆಗೆ ಅಂತ ಯಾರೂ ಪಾತ್ರೆ ಹಿಡ್ಕೊಂಡು ಬರ್ತಿರಲಿಲ್ಲವಂತೆ. ಗಾಣ ಹೂಡಿದರೆ ಊರವರೇ ಕೇಳೋರು, ಯಾಕಪ್ಪಾ ಇವತ್ತು ಶನಿವಾರ ಅಲ್ಲವೇನು ಅಂತ” ಅಂದರು.

ಹೊರನಾಡಿನಲ್ಲಿ ಇದ್ದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಡೊಂಬಿವಿಲಿಯ ಚಾಳಿನಲ್ಲಿ ನಮ್ಮ ಪಕ್ಕದ ಮರಾಠಿ ವಹಿನಿ ಎಳ್ಳಮಾಸಿ ವಾರ ಇರುವಾಗಲೇ ನನ್ನ ಹೆಂಡತಿಯನ್ನು ಕೇಳುತ್ತಿದ್ದರು, ‘ನಿಮ್ಮ ಸಜ್ಜಿ ರೊಟ್ಟಿ, ಎಣಗಾಯಿ ಯಾವತ್ತು?’ ಅಂತ. ಚರಗ ಚೆಲ್ಲಲು ನಮಗೆ ಅಲ್ಲಿ ಹೊಲ ಎಲ್ಲಿತ್ತು! ಆದರೂ ಎಳ್ಳಮಾಸಿ ತಪ್ಪಲಿಲ್ಲ. ಜಾತಿಯ ಕಟ್ಟಿನ ನಮ್ಮ ಸಮಾಜ ಪರಕೀಯನಿಗೂ ಒಂದು ಹೆಸರು, ಒಂದು ಕಸುಬು, ಒಂದು ವಾರ ಕೊಟ್ಟು ಕೂರಿಸುತ್ತದೆ. ಅದರ ಕೆಡುಕೂ ಬಹಳ ಇದೆ. ಬೆನೆ ಇಸ್ರಾಯೇಲರಲ್ಲೇ ‘ಗೋರಾ’, ‘ಕಾಳಾ’ ಎಂದು ಎರಡು ಪಂಗಡ ಆಗಿ, ಹೊರಗಿನ ಹೆಣ್ಣಿಗೆ ಹುಟ್ಟಿದವರು ಕಾಳಾ ಎನಿಸಿಕೊಂಡು ಹೆಣ್ಣು ಕೊಡು-ತರುವುದು ನಿಂತಿತ್ತು. ಹಾಗಿದ್ದರೂ, ಶನಿವಾರ ತೇಲಿ ಅನ್ನುವ ಹೆಸರು ಊರವರು ಇಟ್ಟದ್ದು. ಬಾಗಿಲ ಮೇಲೆ ಬರೆದ ವಿಳಾಸದ ಹಾಗೆ ಅದು ಅವರನ್ನು ಕಾದಿತು.

ಇನ್ನು ಮೈಸೂರಿನ ಕಥೆ. ಹದಿನೆಂಟನೆಯ ಶತಮಾನದಲ್ಲಿ ಇವರಲ್ಲಿ ಅನೇಕರು ಗಾಣ ಬಿಟ್ಟು ಮುಂಬಯಿ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಪಲ್ಟಣಿನಲ್ಲಿ ಸಿಪಾಯಿಗಳಾದರು. ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, ಮನೆಯ ಹೆಸರಲ್ಲಿ ಸಮಾಜಿ ಹಸಾಜಿ, ಅವರಲ್ಲಿ ಮೇಲಿನ ಹುದ್ದೆಗೆ ಏರಿದವರು. ಎರಡನೆಯ ಮೈಸೂರು ಯುದ್ಧದ ಕಾಲ ಅದು. 1783ರ ಆರಂಭದಲ್ಲಿ ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸನ ಸೈನ್ಯ ಬಿದನೂರು ಹಿಡಿಯಿತು, ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಗೆದ್ದು ಸೈನ್ಯವನ್ನು ಸೆರೆಹಿಡಿದ. ದಿವೇಕರ್ ಈ ಯುದ್ಧದಲ್ಲಿ ಟಿಪ್ಪುವಿನ ಕೈಸೆರೆಯಾದರು. ಮುಂದಿನದು ಸಮುದಾಯದಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಕೈದಿಗಳನ್ನು ನಿಲ್ಲಿಸಿ ‘ನೀನು ಯಾವ ಜಾತಿಯವನು’ ಎಂದು ಕೇಳಿದಾಗ ಅವರು ಬೆನೆ ಇಸ್ರಾಯೇಲ್ ಎಂದರು. ಟಿಪ್ಪುವಿನ ತಾಯಿ ಅದನ್ನು ಕೇಳಿ, ಕುರಾನಿನಲ್ಲಿ ಇಷ್ಟು ಸಲ ಬರುವ ಜನರನ್ನು ಕಣ್ಣಾರೆ ಕಂಡದ್ದು ಇದೇ ಮೊದಲೆಂದು ಪ್ರಾಣ ಉಳಿಸಲು ಹೇಳಿದಳಂತೆ. ಬಿಟ್ಟು ಬಂದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆಂದು ಸೆರೆಯಲ್ಲಿ ಹರಕೆ ಹೊತ್ತಿದ್ದ ದಿವೇಕರ್ 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ‘ಶಾರ್ ಹಾರಹಮೀಮ್’ ಕಟ್ಟಿಸಿದರು. ಕರುಣೆಯ ಬಾಗಿಲು ಎಂದು ಅರ್ಥ. ಮರುವರ್ಷ, ತೋರಾ ಸುರುಳಿ ತರಲು ಕೊಚ್ಚಿಗೆ ಹೋದವರು ಅಲ್ಲೇ ತೀರಿಕೊಂಡರು. ಬೆನೆ ಇಸ್ರಾಯೇಲರು ಸಿನಗಾಗನ್ನು ಮಸೀದಿ ಅನ್ನುತ್ತಿದ್ದರು, ಇದಕ್ಕೆ ‘ಜುನಿ ಮಸ್ಜಿದ್’ ಎಂದು ಹೆಸರು. ಸೆಂಟ್ರಲ್ ರೈಲ್ವೆಯ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದೂ ಇದರಿಂದಲೇ ಎಂದು ಹೇಳುವವರಿದ್ದಾರೆ. ನಮ್ಮ ಮಲೆನಾಡಿನ ಒಂದು ಕೋಟೆಯ ಸೋಲು-ಗೆಲುವಿನ ಕಾಲದಲ್ಲಿ ಹೊತ್ತ ಹರಕೆ ಮುಂಬಯಿಯ ಕಿರಾಣಿ ಅಂಗಡಿಗಳ ನಡುವೆ ನಿಂತಿದೆ ಎಂದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು?

ಮಂದಿರ ಬಂದಮೇಲೆ ಗುರುಗಳೂ ಬಂದರು. ಕೊಚ್ಚಿಯ ಯಹೂದಿಗಳು ಬಂದು ಪೂಜಾವಿಧಿ ತಿದ್ದಿದರು. 1829ರಲ್ಲಿ ಮುಂಬಯಿಗೆ ಬಂದ ಸ್ಕಾಟಿಷ್ ಪಾದ್ರಿ ಜಾನ್ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಮಾಡಿಕೊಟ್ಟ. ಕ್ರೈಸ್ತರಾಗಲಿ ಎಂಬುದು ಮಿಶನರಿಗಳ ಆಸೆ, ಇವರು ಹೀಬ್ರೂ ಕಲಿತು ಇನ್ನಷ್ಟು ಗಟ್ಟಿ ಯಹೂದಿಗಳಾದರು. 1880ರ ಸುಮಾರಿಗೆ ಬೈಬಲ್ಲಿನ ಕಥೆಗಳನ್ನು ಮರಾಠಿ ಕೀರ್ತನೆಯಾಗಿ ಹೇಳತೊಡಗಿದರು. ಆದರೆ ಮಂದಿರದ ಜೊತೆಗೇ ‘ನೀವು ಪೂರ್ತಿ ಯಹೂದಿಗಳೇನು’ ಎಂಬ ಪ್ರಶ್ನೆಯೂ ಬಂತು. ಬಾಗ್ದಾದಿನಿಂದ ಬಂದು ಸಿರಿವಂತರಾದ ಯಹೂದಿಗಳು ಇವರನ್ನು ಹತ್ತರ ಲೆಕ್ಕಕ್ಕೆ ಹಿಡಿಯಲು ಹಿಂಜರಿದರು. ಸ್ಮಶಾನದಲ್ಲಿ ನಡುವೆ ಗೋಡೆ ಬೇಕೆಂದು 1836ರಲ್ಲಿ ಅರ್ಜಿಯೂ ಹೋಯಿತು. 1948ರ ನಂತರ ಇಸ್ರೇಲಿಗೆ ಹೋದವರಿಗೂ ಅದೇ ಪ್ರಶ್ನೆ. ಮದುವೆಗೆ ಮುಂಚೆ ವಂಶದ ತನಿಖೆ ಆಗಬೇಕೆಂದು ಅಲ್ಲಿಯ ಧರ್ಮಾಧಿಕಾರಿಗಳು ಹೇಳಿದಾಗ ಇವರು ಜೆರುಸಲೇಮಿನಲ್ಲಿ ಧರಣಿ ಕೂತರು. ಕೊನೆಗೆ 1964ರಲ್ಲಿ ಅಲ್ಲಿಯ ಸಂಸತ್ತು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೆಂದು ಸಾರಿತು. ಪುಸ್ತಕ ಇಲ್ಲದ ಕಾಲದಲ್ಲಿ ಶತಮಾನಗಟ್ಟಲೆ ಗಾಣ ನಿಲ್ಲಿಸಿದವರಿಗೆ ಸಂಸತ್ತಿನ ಪ್ರಮಾಣಪತ್ರ! ಕೆ.ವೈ.ಸಿ. ಕಾಗದ ಕೇಳುವ ಕೆಲಸವನ್ನೇ ಜನ್ಮವಿಡೀ ಮಾಡಿದ ನನಗೂ ಇದು ಅತಿಯಾಯಿತು ಅನ್ನಿಸುತ್ತದೆ.

ಸ್ವಾತಂತ್ರ್ಯದ ಹೊತ್ತಿಗೆ ಸುಮಾರು ಇಪ್ಪತ್ತು ಸಾವಿರ ಇದ್ದ ಈ ಜನ ಈಗ ಇಲ್ಲಿ ಕೆಲವೇ ಸಾವಿರ. ನಾನು ಅಲಿಬಾಗದಲ್ಲಿದ್ದಾಗಲೇ ಇಸ್ರಾಯೇಲ್ ಆಳಿಯಲ್ಲಿ ಬೀಗ ಹಾಕಿದ ಮನೆಗಳು ಹೆಚ್ಚು. ಮಂದಿರ ಇತ್ತು, ಸುರುಳಿ ಇತ್ತು, ಹೀಬ್ರೂ ಓದುವವರೂ ಇದ್ದರು. ಹತ್ತು ಗಂಡಸರು ಸೇರದ ಶನಿವಾರ ಮಾಸ್ತರು ಒಬ್ಬರೇ ಮನೆಯಲ್ಲಿ ಕೂತು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು, ಹಿಂದಿನ ತೇಲಿಗಳ ಹಾಗೆ. ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಅಷ್ಟರಲ್ಲಿ ಮಾಸ್ತರು ತೀರಿಕೊಂಡಿದ್ದರು.

ಅವರ ಮಗ ಅಶ್ದೋದ್‌ನಲ್ಲಿದ್ದ. ಅಪ್ಪನ ಖಾತೆ ಮುಚ್ಚಲು ಬಂದಾಗ ಅಲ್ಲಿಯ ಶನಿವಾರ ಹೇಗೆ ಎಂದು ಕೇಳಿದ್ದೆ. “ಅಲ್ಲಿ ಬಸ್ಸೂ ನಿಂತುಹೋಗುತ್ತೆ ಸಾಹೇಬ್, ಅಂಗಡಿಗಳೂ ಮುಚ್ಚಿರ್ತವೆ. ಯಾಕೆ ಅಂತ ಯಾರೂ ಯಾರನ್ನೂ ಕೇಳೋದಿಲ್ಲ” ಅಂದ. ಅಲ್ಲಿ ಇವರನ್ನು ಜನ ‘ಹೋದಿ’ ಅನ್ನುತ್ತಾರಂತೆ. ಹೀಬ್ರೂವಿನಲ್ಲಿ ಹಿಂದೂಸ್ಥಾನದವನು ಎಂದು ಅರ್ಥ.